ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು



ನಾವು ಚಿಕ್ಕವರಿದ್ದಾಗ ಓಣಿಯ ಆಟಗಳಿಗೆ ತಮ್ಮಂದಿರೋ ತಂಗಿಯರೋ ಅಳುತ್ತ ಬೆನ್ನು ಹತ್ತುತ್ತಿದ್ದರು. ಬೇಡವೆಂದರೆ ಮನೆಗೆ ಹೋಗಿ ಅವ್ವನಿಗೆ ಹೇಳುವ ಭಯ. ಸೇರಿಸಿಕೊಂಡರೆ ಆಟ ಕೆಡುವ ಭಯ. ಅದಕ್ಕೊಂದು ಉಪಾಯವಿತ್ತು. ಅವರನ್ನು ಸೇರಿಸಿಕೊಳ್ಳುವುದು, ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಐದು ವರ್ಷದ ಕೂಸಿಗೆ ಇದರಿಂದ ಹಾನಿಯೇನೂ ಇಲ್ಲ. ಇನ್ನು ಮೂರು ವರ್ಷಕ್ಕೆ ಅದು ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ. ಆದರೆ ಒಂದು ದೊಡ್ಡ ಜನಸಮೂಹವನ್ನು ಜೀವನಪರ್ಯಂತ ಹೀಗೆಯೇ ಇಟ್ಟರೆ? ಅವರಿಗೆ ವಯಸ್ಸಾದರೂ, ಮಕ್ಕಳು ಮೊಮ್ಮಕ್ಕಳಾದರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ?

ಈ ಲೇಖನ ಕಣ್ಣು ಕಾಣದವರ, ಕಿವಿ ಕೇಳದವರ, ಕೈಕಾಲು ಸ್ವಾಧೀನವಿಲ್ಲದವರ ಆಟದ ಕುರಿತಾದದ್ದು. ಅದರಲ್ಲೂ ತಾಳ, ಲಯಗಳ ಆಟದ ಕುರಿತಾದದ್ದು. ಇದರಲ್ಲಿ ಕೆಲವು ಕಟುವಾದ ಮಾತುಗಳಿವೆ. ನಿಮ್ಮಲ್ಲಿ ಹಲವರು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ಕೆಲವರಿಗಾದರೂ ಅವು ನೇರವಾಗಿ ತಾಗಬಹುದು. ಆದ್ದರಿಂದ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

1991ನೆಯ ಇಸವಿ. ಯಾದಗಿರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ನಾನು ಸುರಪುರ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಎಳೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಅವನು ಅಣ್ಣನ ಹೆಗಲ ಮೇಲೆ ಕೈಯಿಟ್ಟು ಶಾಲೆಗೆ ಬರುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಗದಲ್ಲಿದ್ದವರಿಗೆ ನೆನಪಿರುತ್ತದೆ.

ಛಂದಸ್ಸಿನ ಪಾಠ ನಡೆದಿತ್ತು. ಭಾಮಿನಿ ಷಟ್ಪದಿಯ ಲಕ್ಷಣವನ್ನು ಕಪ್ಪು ಹಲಗೆಯ ಮೇಲೆ ಬರೆದು, ಲಘು ಗುರು ಹಾಕಿ, ಮೂರು ನಾಲ್ಕು ಮೂರು ನಾಲ್ಕು ಮಾತ್ರೆಗಳೆಂದು ಗೀಟೆಳೆದು ವಿವರಿಸಿದೆ. ಕಣ್ಣಿದ್ದವರಿಗೆ ಅದು ತಲೆಗೆ ಹೋಗಲಿಲ್ಲ. ಗೀಟುಗಳನ್ನು ವಹಿಗೆ ಇಳಿಸಿಕೊಂಡರಷ್ಟೇ. ಆ ಹುಡುಗ ಮಾತ್ರ ನಾನು ಪದ್ಯ ಓದುತ್ತಿದ್ದಂತೆ ಬೆಂಚಿನ ಮೇಲೆ ಎರಡು ಬೆರಳಿನಿಂದ ಮೂರು-ನಾಲ್ಕನ್ನು ಬಡಿದು ತೋರಿಸಿದ. ಮೂರನೆಯ ಸಾಲು ಬಂದಾಗ ಆ ಜೋಡಿಯನ್ನು ಮತ್ತೊಂದು ಸಲ ಬಡಿದು, ಕೊನೆಯ ಗುರುವಿನಲ್ಲಿ ಅಂಗೈಯನ್ನು ಗಟ್ಟಿಯಾಗಿ ಊರಿ ನಿಲ್ಲಿಸಿದ. ಕಿವಿಯ ಸೊತ್ತಾದ ಛಂದಸ್ಸನ್ನು ನಾನು ವರ್ಷಗಟ್ಟಲೆ ಕಣ್ಣಿಗೆ ಕಲಿಸುತ್ತಿದ್ದೆನೆಂಬುದು ಅಂದು ನನಗೆ ಹೊಳೆಯಿತು. ಇಷ್ಟು ಹೊಳೆದ ಮೇಲೂ ನಾನು ಮಾಡಿದ್ದೇನು?

ಆ ವರ್ಷದ ಗ್ಯಾದರಿಂಗಿಗೆ ಕೋಲಾಟದ ತಾಲೀಮು ನಡೆದಿತ್ತು. ಅವನು ಬಂದು ಕೇಳಿದ: "ಸರ, ನಾನೂ ಕೋಲಾಟ ಆಡ್ತೀನ್ರಿ."

ನಾನೆಂದೆ: "ಬ್ಯಾಡೋ ತಮ್ಮಾ, ಯಾರದರ ಕೋಲು ತೆಲಿಗಿ ಬಡದ್ರ ಏನ್ ಮಾಡದು? ನೀ ಚಂದ ಹಾಡ್ತಿ. ನೀ ಪ್ರಾರ್ಥನಾ ಹಾಡು."

ಅವನು ಹಾಡಿದ. ಜನ ಕಣ್ಣೊರೆಸಿಕೊಂಡರು. ಮುಖ್ಯ ಅತಿಥಿಗಳು ಶಾಲು ಹೊದಿಸಿದರು. ನಾನು ಹೆಮ್ಮೆಯಿಂದ ಬೀಗಿದೆ. ಮರುದಿನ ಬೆನ್ನು ಚಪ್ಪರಿಸಲು ಹೋದವನಿಗೆ ಅವನು ಮೆಲ್ಲಗೆ ಹೇಳಿದ: "ಸರ, ನಾ ಹಾಡ್ಲಾಕ ಕೇಳಿದ್ದಿಲ್ರಿ. ಆಡ್ಲಾಕ ಕೇಳಿದ್ದೆ."

ಒಂದು 'ಹ'ಕಾರದ ವ್ಯತ್ಯಾಸ. ಮೂವತ್ತು ವರ್ಷಗಳಿಗೂ ಮಿಕ್ಕಿ ಅದು ನನ್ನನ್ನು ಚುಚ್ಚುತ್ತಲೇ ಇದೆ.

ಆ ಕೋಲಾಟಕ್ಕೆ ಬೇಕಾಗಿದ್ದುದಾದರೂ ಏನು? ಎರಡು ಸುತ್ತಿನ ಕೋಲಾಟವದು. ಒಳಸುತ್ತಿನವರು ನಿಂತಲ್ಲೇ ನಿಂತು ಹೊರಸುತ್ತಿನವರು ಮಾತ್ರ ಮುಂದಕ್ಕೆ ಸರಿಯುವಂತೆ ಮಾಡಿ, ಇವನನ್ನು ಒಳಸುತ್ತಿನಲ್ಲಿ ನಿಲ್ಲಿಸಬಹುದಿತ್ತು. ಹೊರಸುತ್ತಿನವರ ಕೋಲಿನ ತುದಿಗೆ ಎರಡೆರಡು ಗೆಜ್ಜೆ ಕಟ್ಟಿದ್ದರೆ ಕೋಲು ಎಲ್ಲಿದೆಯೆಂದು ಅವನ ಕಿವಿ ಹೇಳುತ್ತಿತ್ತು. ಗೆಜ್ಜೆಗೆ ಸಂತೆಯಲ್ಲಿ ನಾಲ್ಕಾರು ರೂಪಾಯಿ. ನಮಗೆ ಕೊರತೆಯಾದದ್ದು ಹಣವಲ್ಲ, ಯೋಚನೆ. ಬಿ.ಎಡ್. ಪದವಿ ಇತ್ತು, ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳಿದ್ದವು. ನಿಯಮವನ್ನು ಬದಲಿಸಬಹುದೆಂಬುದು ಮಾತ್ರ ನನಗೆ ತೋಚಲಿಲ್ಲ. ಆಟಗಾರನನ್ನೇ ಹೊರಗಿಟ್ಟೆ.

ಕಣ್ಣಿಲ್ಲದವನು ಎಂದರೆ ಹಾಡುವವನು ಎಂಬ ಗ್ರಹಿಕೆ ನಮ್ಮ ಉತ್ತರ ಕರ್ನಾಟಕದಲ್ಲಿ ಆಳವಾಗಿ ಬೇರೂರಿದೆ. ಅದಕ್ಕೊಂದು ಉಜ್ವಲವಾದ ಕಾರಣವೂ ಇದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು (1892-1944) ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಅವರ ಅನಂತರ ಪುಟ್ಟರಾಜ ಗವಾಯಿಗಳು (1914-2010) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಆರು ದಶಕಗಳಿಗೂ ಮಿಕ್ಕಿ ನಡೆಸಿದರು. ಅವರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಮ್ಮೂರಿನ ಓಣಿಗಳಲ್ಲೂ ಸಿಹಿ ಹಂಚಿದರು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಕೈಗಳಿಗೆ ಹಾರ್ಮೋನಿಯಂ, ತಬಲಾ ಕೊಟ್ಟ ಆ ಮಹಾನುಭಾವರ ಋಣವನ್ನು ಈ ನಾಡು ತೀರಿಸಲಾರದು.

ಆದರೆ ಅವರಿಂದ ನಾವು ಕಲಿತ ಪಾಠ ಅರ್ಧ ಮಾತ್ರ. ಕಣ್ಣಿಲ್ಲದವನೂ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಲ್ಲ ಎಂದು ಅವರು ತೋರಿಸಿಕೊಟ್ಟರು. ನಾವೋ ಕಣ್ಣಿಲ್ಲದವನಿಗೆ ಹಾಡಲು ಹಚ್ಚಿ, ಕೈಮುಗಿದು, ಶಾಲು ಹೊದಿಸಿ ಕಳಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದೆವು. ಭಜನೆಗೆ ಅವನು ಬೇಕು, ಆಟಕ್ಕೆ ಬೇಡ. ಹಾಡಿದವನಿಗೆ ಚಪ್ಪಾಳೆ ಸಿಗುತ್ತದೆ. ಆಡಿದವನಿಗೆ ಗೆಲುವೂ ಸಿಗಬಹುದು, ಸೋಲೂ ಸಿಗಬಹುದು. ನನ್ನ ಆ ವಿದ್ಯಾರ್ಥಿಗೆ ಜೀವನದಲ್ಲಿ ಚಪ್ಪಾಳೆಗೆ ಬರವಿರಲಿಲ್ಲ. ಓರಗೆಯವರೊಡನೆ ಆಡಿ ಸೋತು, "ನಾಳಿಗಿ ನೋಡ್ತೀನಿ ನಿನ್ನ" ಎಂದು ಜಗಳವಾಡುವ ಭಾಗ್ಯವನ್ನೇ ನಾವು ಅವನಿಂದ ಕಸಿದುಕೊಂಡೆವು.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಆ ಹುಡುಗ ಇಂದು ನಲವತ್ತೆಂಟರ ಗೃಹಸ್ಥ. ಕಲಬುರಗಿಯಲ್ಲಿ ನೌಕರಿ ಮಾಡುತ್ತಾನೆ. ಆಗಾಗ ಫೋನು ಮಾಡುತ್ತಾನೆ. ಕಳೆದ ತಿಂಗಳು ಮಾತಿನ ನಡುವೆ ಹೇಳಿದ: "ಸರ, ಫೋನಿನ್ಯಾಗ ರೊಕ್ಕ ಕಳಸ್ತೀನ್ರಿ, ಪೇಪರ್ ಓದಿಸಿ ಕೇಳ್ತೀನಿ, ರೈಲಿನ ಟಿಕೀಟು ತಗೀತೀನಿ. ಮಗಳ ಜೋಡಿ ಒಂದು ಆಟ ಆಡ್ಲಾಕ ಮಾತ್ರ ಆಗಂಗಿಲ್ಲ ನೋಡ್ರಿ."

ಅವನ ಹನ್ನೆರಡು ವರ್ಷದ ಮಗಳು ಸಂಗೀತದ ಆಟವೊಂದನ್ನು ಆಡುತ್ತಾಳಂತೆ. ಹಾಡು ಬರುತ್ತಿರುತ್ತದೆ, ತಾಳಕ್ಕೆ ಸರಿಯಾಗಿ ಪರದೆಯನ್ನು ಮುಟ್ಟಬೇಕು. "ಅಪ್ಪಾ, ನೀ ತಬಲಾ ಬಾರಿಸ್ತಿ, ನೀನೇ ಗೆಲ್ತಿ, ಬಾ" ಎಂದು ಕರೆದಳಂತೆ. ಅವನು ಕೈಗೆ ತೆಗೆದುಕೊಂಡರೆ, ಅಕ್ಷರಗಳನ್ನೆಲ್ಲ ಓದಿ ಹೇಳುವ 'ಟಾಕ್‌ಬ್ಯಾಕ್' ಆ ಆಟದೊಳಗೆ ಹೊಕ್ಕೊಡನೆ ಮೂಕವಾಯಿತು. ಆಟ ಮಾಡಿದವರು ಇಡೀ ಪರದೆಯನ್ನು ಒಂದೇ ಚಿತ್ರದಂತೆ ಬರೆದುಬಿಟ್ಟಿರುತ್ತಾರೆ. ಎಲ್ಲಿ ಗುಂಡಿಯಿದೆ, ಎಲ್ಲಿ ಅಂಕವಿದೆ ಎಂದು ಓದುವ ತಂತ್ರಾಂಶಕ್ಕೆ ತಿಳಿಸಿಯೇ ಇರುವುದಿಲ್ಲ. 1991ರಲ್ಲಿ ನಾನು ಮಾಡಿದ್ದನ್ನು ಇಂದು ಆ ಆಟ ಮಾಡಿತು. ಅಂದು ತಾನು ಆಡಬೇಕೆಂದು ಬಂದವನು, ಇಂದು ಮಗಳೊಡನೆ ಆಡಬೇಕೆಂದು ಬಂದ. ಎರಡು ಸಲವೂ ಹೊರಗೇ ಉಳಿದ.

ನಾನು ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗನನ್ನು ಕೂರಿಸಿಕೊಂಡು ಅಂಥ ಆಟವೊಂದನ್ನು ಪರೀಕ್ಷಿಸಿದೆ. ಮೇಲಿನಿಂದ ಕಪ್ಪು ಪಟ್ಟಿಗಳು ಇಳಿದು ಬರುತ್ತವೆ. ಮುಟ್ಟಿದರೆ ಸ್ವರ ನುಡಿಯುತ್ತದೆ. 2014ರಲ್ಲಿ 'ಪಿಯಾನೋ ಟೈಲ್ಸ್' ಬಂದಾಗಿನಿಂದ ಇಂಥವು ಮಕ್ಕಳ ಕೈಯಲ್ಲೆಲ್ಲ ಇವೆ. "ಧ್ವನಿ ಪೂರ್ತಿ ಬಂದ್ ಮಾಡಿ ಆಡು" ಎಂದೆ. ಮೊದಲಿನಷ್ಟೇ ಸಲೀಸಾಗಿ ಆಡಿದ. "ಈಗ ಧ್ವನಿ ಹಚ್ಚಿ, ಕಣ್ಣು ಮುಚ್ಚಿ ಆಡು" ಎಂದೆ. ಎರಡನೆಯ ಪಟ್ಟಿಗೇ ಔಟಾದ. "ಇದೇನ್ ಮುತ್ಯಾ, ಕಣ್ಣು ಮುಚ್ಚಿ ಹ್ಯಾಂಗ ಆಡಬೇಕು?" ಎಂದು ನಕ್ಕ.

ನನ್ನ ಆಕ್ಷೇಪಣೆಯ ತಿರುಳು ಇಲ್ಲಿದೆ. ಕಿವಿ ಮುಚ್ಚಿದರೂ ನಡೆಯುವ, ಕಣ್ಣು ಮುಚ್ಚಿದರೆ ನಿಲ್ಲುವ ಆಟವನ್ನು ಸಂಗೀತದ ಆಟವೆಂದು ಕರೆಯುವುದು ಹೇಗೆ? ಅದು ಕಣ್ಣು-ಬೆರಳುಗಳ ಚುರುಕಿನ ಆಟ. ಹಾಡು ಅದಕ್ಕೆ ಹೊದಿಸಿದ ಜರತಾರಿ ಶಾಲು. ಲಯವನ್ನು ಕಣ್ಣಿನ ಕೆಲಸವನ್ನಾಗಿ ಮಾಡಿದ್ದು ಈ ಆಟಗಳ ಮೊದಲ ತಪ್ಪು. ಅಂಧರು ಹೊರಗುಳಿದದ್ದು ಆ ತಪ್ಪಿನ ಫಲ. ಛಂದಸ್ಸನ್ನು ಗೀಟೆಳೆದು ಕಲಿಸಿದ ನನ್ನ ತಪ್ಪೂ ಇದೇ.

ಹಾಗಾದರೆ ಹೇಗೆ ಮಾಡಬೇಕು? ದೂರ ಹೋಗಬೇಕಿಲ್ಲ. ತಬಲಾ ಕಲಿಸುವ ಗುರುಗಳು ಮೊದಲು ಬಾಯಲ್ಲಿ ಬೋಲು ಹೇಳುತ್ತಾರೆ: ಧಾ ಧಿನ್ ಧಿನ್ ಧಾ. ಶಿಷ್ಯ ಕೇಳಿ, ಬಾಯಲ್ಲಿ ಹೇಳಿ, ಆಮೇಲೆ ಬಾರಿಸುತ್ತಾನೆ. ಗುರು ನುಡಿಯುವುದು, ಶಿಷ್ಯ ಮರುನುಡಿಯುವುದು. ಇದನ್ನೇ ಆಟವನ್ನಾಗಿಸಿರಿ. ಎಡಗಡೆ ಮುಟ್ಟಬೇಕಾದರೆ ಎಡಗಿವಿಯಲ್ಲಿ ಒಂದು ಬೋಲು, ಬಲಗಡೆಯಾದರೆ ಬಲಗಿವಿಯಲ್ಲಿ ಬೇರೊಂದು ಬೋಲು, ಅದೂ ಒಂದು ಆವರ್ತ ಮುಂಚಿತವಾಗಿ ಬರಲಿ. ಅಂಕ ಎಷ್ಟಾಯಿತೆಂದು, ತಪ್ಪಿದ್ದು ಬೇಗ ಹೊಡೆದೋ ತಡವಾಗಿ ಹೊಡೆದೋ ಎಂದು ಧ್ವನಿಯೇ ಹೇಳಲಿ. ಕಣ್ಣಿದ್ದವನು ಬೇಕಾದರೆ ಪರದೆಯನ್ನೂ ನೋಡಲಿ.

ಕಿವಿ ಕೇಳದವರಿಗೆ? ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಈವ್ಲಿನ್ ಗ್ಲೆನಿ ಹನ್ನೆರಡನೆಯ ವಯಸ್ಸಿಗೆಲ್ಲ ಬಹುಪಾಲು ಶ್ರವಣಶಕ್ತಿ ಕಳೆದುಕೊಂಡವರು. ಬರಿಗಾಲಲ್ಲಿ ನಿಂತು, ನಾದದ ಕಂಪನವನ್ನು ಮೈಯಿಂದ ಗ್ರಹಿಸಿ, ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಬಾರಿಸುತ್ತಾರೆ. ಇದು ನಮಗೆ ಅಪರಿಚಿತವೇ? ಮೊಹರಮ್ಮಿನ ಅಲಾಯಿ ಕುಣಿತದಲ್ಲಿ ಹಲಗೆಯ ಪೆಟ್ಟು ಎದೆಗೂಡಿನೊಳಗೆ ಹೊಕ್ಕು ಬಡಿಯುವುದನ್ನು ನಮ್ಮ ಸೀಮೆಯಲ್ಲಿ ಅನುಭವಿಸದವರಿಲ್ಲ. ಪ್ರತಿ ಫೋನಿನಲ್ಲೂ ಗುಂಯ್‌ಗುಡುವ ಯಂತ್ರವೊಂದಿದೆ. ತಾಳವನ್ನು ಅದರ ಮೂಲಕ ಅಂಗೈಗೆ ಮುಟ್ಟಿಸಬಹುದು. ಇನ್ನು ಕೈ ಸ್ವಾಧೀನವಿಲ್ಲದವರಿಗೆ ಒಂದೇ ಗುಂಡಿಯಿಂದ ಆಡುವ ದಾರಿಯಿರಲಿ. ಗತಿಯನ್ನು ವಿಳಂಬಕ್ಕೆ ಇಳಿಸಿಕೊಳ್ಳುವ, ಪೆಟ್ಟು ಹಿಂದೆ ಮುಂದೆ ಎಷ್ಟು ಸರಿದರೂ ಸರಿಯೆಂದು ಎಣಿಸಬೇಕೆಂಬುದನ್ನು ಆರಿಸಿಕೊಳ್ಳುವ ಅವಕಾಶವಿರಲಿ. ಬಣ್ಣದ ಜೊತೆಗೆ ಆಕಾರವೂ ಬೇರೆಯಿರಲಿ, ಕೆಂಪು ಹಸಿರು ಗುರುತಿಸಲಾರದವರಿದ್ದಾರೆ. ತಂತಿಯಿಲ್ಲದ ಇಯರ್‌ಫೋನಿನಲ್ಲಿ ಧ್ವನಿ ತುಸು ತಡವಾಗಿ ಬರುತ್ತದೆ; ಕಿವಿಯನ್ನೇ ನಂಬಿ ಆಡುವವನಿಗೆ ಆ ತಡವೇ ಸೋಲಾಗುತ್ತದೆ. ಅದನ್ನು ಸರಿಪಡಿಸುವ ವ್ಯವಸ್ಥೆಯೂ ಬರಿಯ ಕಿವಿಯಿಂದಲೇ ಮಾಡಿಕೊಳ್ಳುವಂತಿರಲಿ.

ಇದೆಲ್ಲ ಹಗಲುಗನಸು ಎನ್ನಬೇಡಿ. 1997ರಲ್ಲಿಯೇ ಜಪಾನಿನ ಕೆಂಜಿ ಈನೊ ಎಂಬವರು ಪರದೆಯ ಮೇಲೆ ಚಿತ್ರವೇ ಇಲ್ಲದ, ಬರಿಯ ಧ್ವನಿಯಿಂದ ಆಡುವ 'ರಿಯಲ್ ಸೌಂಡ್' ಎಂಬ ಆಟವನ್ನು ರಚಿಸಿದರು. ಕಣ್ಣಿದ್ದವರೂ ಇಲ್ಲದವರೂ ಅದನ್ನು ಒಂದೇ ರೀತಿಯಲ್ಲಿ ಆಡಬಹುದಿತ್ತು. 2008ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಸಂಶೋಧಕರು 'ಗಿಟಾರ್ ಹೀರೋ' ಆಟವನ್ನು ಅಂಧರೂ ಆಡುವಂತೆ, ಬೆರಳಿನ ತುದಿಗೆ ಕಂಪನ ಕೊಡುವ ಕೈಗವಸನ್ನು ಮಾಡಿ ತೋರಿಸಿದರು. 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗದಲ್ಲಿ ಇಂಥ ಅರುವತ್ತಕ್ಕೂ ಹೆಚ್ಚು ಅನುಕೂಲಗಳಿದ್ದು, ಅಂಧರು ಅದನ್ನು ಮೊದಲಿನಿಂದ ಕೊನೆಯವರೆಗೆ ಆಡಿದ್ದಾರೆ. ಅಷ್ಟು ದೊಡ್ಡ, ಅಷ್ಟು ಜಟಿಲವಾದ ಆಟದಲ್ಲಿ ಸಾಧ್ಯವಾದದ್ದು ತಾಳ ಹಾಕುವ ಆಟದಲ್ಲಿ ಏಕೆ ಸಾಧ್ಯವಿಲ್ಲ?

ಇನ್ನು ಆಕ್ಷೇಪಗಳಿಗೆ ಬರೋಣ. ಇವನ್ನು ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದಲೇ ಕೇಳಿದ್ದೇನೆ.

"ಅವರಿಗಾಗಿ ಬೇರೆ ಆಟ ಮಾಡಿದರಾಯಿತಲ್ಲ, ಸರ್?" ಮಾಡಿರಿ, ಬೇಡವೆನ್ನುವುದಿಲ್ಲ. ಅಂಧರ ಕ್ರಿಕೆಟ್ಟು ಹಾಗೆ ಬೆಳೆದದ್ದೇ. ಚೆಂಡಿನೊಳಗೆ ಬೇರಿಂಗಿನ ಗುಂಡುಗಳು ಗಲಗಲ ಎನ್ನುತ್ತವೆ; ನಾನು ಕಟ್ಟದೆ ಬಿಟ್ಟ ಗೆಜ್ಜೆಯೇ ಅದು. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ 2012ರಲ್ಲಿ ಬೆಂಗಳೂರಿನಲ್ಲಿ ಭಾರತ ಅಂಧರ ಟಿ-20 ವಿಶ್ವಕಪ್ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ದೀಪಿಕಾ ಟಿ.ಸಿ. ನಾಯಕತ್ವದ ಮಹಿಳಾ ತಂಡ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನೇ ಗೆದ್ದು ತಂದಿತು. ಆ ಆಟದ ನಿಯಮವನ್ನು ಗಮನಿಸಿರಿ. ಪೂರ್ಣ ಅಂಧರೂ ಅರೆದೃಷ್ಟಿಯವರೂ ಒಂದೇ ತಂಡದಲ್ಲಿ ಆಡುತ್ತಾರೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಒಂದು ರನ್ನು ಎರಡಾಗುತ್ತದೆ. ಯಾರನ್ನೂ ಹೊರಗಿಡದೆ, ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮವದು. ಆದರೆ ಬೇರೆ ಆಟವಿದೆಯೆಂಬುದು ಮನೆಯ ಆಟದಿಂದ ಹೊರಗಿಡಲು ನೆಪವಾಗಬಾರದು. ಆ ತಂದೆ ಆಡಬಯಸಿದ್ದು ತನ್ನ ಮಗಳೊಡನೆ. ಅವನಿಗೊಂದು, ಅವಳಿಗೊಂದು ಬೇರೆ ಆಟ ಕೊಟ್ಟು ಏನು ಪ್ರಯೋಜನ?

"ಸುಲಭ ಮಾಡಿದರೆ ಆಟದ ಮಜಾ ಹೋಗುತ್ತದೆ." ಸುಲಭ ಮಾಡಿರೆಂದು ಕೇಳಿದವರಾರು? ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿಗೆ ಲಿಪಿಕಾರನನ್ನು ಕೊಡುತ್ತೇವೆ. ಪ್ರಶ್ನೆ ಅದೇ, ಉತ್ತರ ಅವನದೇ. ಬರೆಯುವ ಕೈ ಮಾತ್ರ ಬೇರೆ. ಪ್ರಶ್ನೆಯನ್ನು ಕೇಳಿಸುವುದಕ್ಕೂ ಉತ್ತರವನ್ನು ಹೇಳಿಕೊಡುವುದಕ್ಕೂ ವ್ಯತ್ಯಾಸವಿದೆ. ಪೆಟ್ಟು ಎಲ್ಲಿ ಬರುತ್ತದೆಂದು ಅವನಿಗೆ ತಿಳಿಯಲಿ. ಹೊಡೆಯುವುದು, ತಪ್ಪುವುದು ಅವನಿಗೆ ಬಿಟ್ಟದ್ದು.

"ಅಂಥವರು ಎಷ್ಟು ಜನ? ಖರ್ಚು ಹೊರುವವರಾರು?" 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು. ಇವರನ್ನು ಬೆರಳೆಣಿಕೆಯವರು ಎನ್ನಲಾದೀತೆ? ಖರ್ಚಿನ ಮಾತು ಹೇಳುವುದಾದರೆ, ಮನೆ ಕಟ್ಟುವಾಗಲೇ ಬಾಗಿಲಿಡುವುದಕ್ಕೂ, ಕಟ್ಟಿದ ಮೇಲೆ ಗೋಡೆ ಒಡೆದು ಬಾಗಿಲಿಡುವುದಕ್ಕೂ ಎಷ್ಟು ಅಂತರವಿದೆಯೆಂದು ಗೌಂಡಿಯನ್ನು ಕೇಳಿರಿ. ಆಟ ಪೂರ್ತಿಯಾದ ಮೇಲೆ ತೇಪೆ ಹಾಕಹೊರಟರೆ ದುಬಾರಿಯಾಗುವುದು ಸಹಜ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು: "ನಮ್ಮ ಕಡೆ ಶಾಲೆಗೆ ಮಾಸ್ತರರಿಲ್ಲ, ಊರಿಗೆ ನೀರಿಲ್ಲ, ಗುಳೆ ಹೋಗುವುದು ತಪ್ಪಿಲ್ಲ. ಅಂಗವಿಕಲರಿಗೆ ಮಾಸಾಶನವೇ ಸರಿಯಾಗಿ ಮುಟ್ಟುವುದಿಲ್ಲ. ನಿಮಗೆ ಆಟದ ಚಿಂತೆಯೇ?" ಮೂರು ದಶಕ ಈ ಸೀಮೆಯಲ್ಲಿಯೇ ಪಾಠ ಮಾಡಿದ ನನಗೆ ಈ ಮಾತಿನ ಭಾರ ಗೊತ್ತಿದೆ. ಆದರೆ ಅಂಗವಿಕಲ ಮಗು ಶಾಲೆ ಬಿಡುವುದು ಪಾಠ ತಲೆಗೆ ಹತ್ತದೆ ಅಲ್ಲ ಎಂಬುದನ್ನೂ ಇಲ್ಲಿಯೇ ಕಂಡಿದ್ದೇನೆ. ಆಟದ ಪೀರಿಯಡ್ಡಿನಲ್ಲಿ ಗೋಡೆಗೆ ಆತು ಕುಳಿತು, ಬೇರೆಯವರ ಚಪ್ಪಲಿ ಕಾಯ್ದು ಕಾಯ್ದು ಬೇಸತ್ತು ಬಿಡುತ್ತದೆ. ಹಸಿದವನಿಗೆ ಅನ್ನ ಬೇಕು. ಅನ್ನ ಉಂಡವನಿಗೆ ಗೆಳೆಯರು ಬೇಕು. ಇದು ನನ್ನೊಬ್ಬನ ಭಾವುಕತೆಯೂ ಅಲ್ಲ. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ, ಅಂಗವಿಕಲ ಮಕ್ಕಳಿಗೆ ಇತರ ಮಕ್ಕಳಂತೆಯೇ ಆಟ, ಮನರಂಜನೆಗಳಲ್ಲಿ ಪಾಲುಂಟೆಂದು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೆಯ ಕಲಮು ಶಾಲೆಗಳ ಮೇಲೆ ಅದೇ ಹೊಣೆಯನ್ನು ಹೊರಿಸುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೌಲಭ್ಯಗಳ ಲಭ್ಯತೆಯೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಾನೂನು ಇಷ್ಟು ದೂರ ಬಂದಿದೆ. ನಾವು ಮಾತ್ರ ಹೆಸರು ಬದಲಿಸುವುದರಲ್ಲಿಯೇ ನಿಂತಿದ್ದೇವೆ: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಹೆಸರು ಎಷ್ಟು ಎತ್ತರಕ್ಕೆ ಹೋದರೂ ಮನುಷ್ಯ ಮಾತ್ರ ಮೈದಾನದ ಹೊರಗೇ ಕುಳಿತಿದ್ದಾನೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಐದು ನಿಮಿಷ ಆಡಿ ನೋಡಿ 'ಅರ್ಥವಾಯಿತು' ಎನ್ನಬೇಡಿ. ಬಟ್ಟೆ ಬಿಚ್ಚಬಹುದೆಂಬ ಧೈರ್ಯ ನಿಮಗಿರುತ್ತದೆ. ಕಾಣದವರನ್ನು, ಕೇಳದವರನ್ನು ಮೊದಲ ದಿನವೇ ಕರೆದು ಜೊತೆಗೆ ಕೂರಿಸಿಕೊಳ್ಳಿರಿ. ಅವರು ಕೊಡುವ ಸಮಯಕ್ಕೆ ಸಂಬಳ ಕೊಡಿರಿ. ಉಪಕಾರವೆಂದು ಕರೆಸಿಕೊಂಡು ಚಹಾ ಕುಡಿಸಿ ಕಳಿಸಬೇಡಿರಿ. ಶಹಾಪುರ, ಸುರಪುರ, ಯಾದಗಿರಿಗಳಲ್ಲಿ ಇಂದು ಶಿಕ್ಷಕರಾಗಿರುವವರಿಗೂ ಒಂದು ಮಾತು. ಈ ಸಲದ ಗ್ಯಾದರಿಂಗಿನಲ್ಲಿ ಕೋಲಾಟವೋ ಲೇಜೀಮೋ ಇದ್ದರೆ, ಗೋಡೆಗೆ ಆತು ಕುಳಿತ ಮಗುವನ್ನು "ಏನು ಹಾಡ್ತಿ?" ಎಂದು ಕೇಳುವ ಮೊದಲು "ಆಡ್ತಿಯೇನು?" ಎಂದು ಕೇಳಿರಿ. ನಾಲ್ಕು ಗೆಜ್ಜೆ ತಂದಿಟ್ಟುಕೊಳ್ಳಿರಿ.

ಆ ದಿನ ಫೋನು ಇಡುವ ಮೊದಲು ನಾನು ಅವನಿಗೆ, "ಮಗಳನ್ನು ಕರಿ, ನಾವು ಮೂವರೂ ಆಡೋಣ" ಎಂದೆ. ಆಟ ಇಷ್ಟೇ: ಒಬ್ಬರು ಮೇಜಿನ ಮೇಲೆ ಒಂದು ಲಯ ಬಡಿಯುವುದು, ಉಳಿದವರು ಅದನ್ನು ಹಾಗೆಯೇ ಮರಳಿಸಿ ಕೊನೆಗೊಂದು ಪೆಟ್ಟು ಸೇರಿಸುವುದು. ತಪ್ಪಿದವರು ಔಟು. ಐದನೆಯ ಸುತ್ತಿಗೇ ನಾನು ಔಟಾದೆ. ಒಂಬತ್ತನೆಯ ಸುತ್ತಿಗೆ ಅವನೂ ಔಟಾದ. ಹುಡುಗಿ ಗೆದ್ದಳು. "ಇಲ್ಲವ್ವಾ, ನಾ ಸರಿಯಾಗೇ ಹೊಡದೀನಿ" ಎಂದು ಅವನು ಮಗಳೊಡನೆ ಜಗಳಕ್ಕೆ ನಿಂತ. ಆ ಜಗಳವನ್ನು ನಾನು ಬಹಳ ಹೊತ್ತು ಕೇಳುತ್ತ ಕುಳಿತೆ.

ನಿಮ್ಮಲ್ಲಿ ಯಾರಾದರೂ ಈ ಆಟವನ್ನು ಫೋನಿಗೆ ಇಳಿಸುವುದಾದರೆ ನನಗೆ ತಿಳಿಸಿರಿ. ಬೋಲುಗಳನ್ನು ಹೇಳಿಕೊಡಲು ಅವನು ಸಿದ್ಧನಿದ್ದಾನೆ. ಛಂದಸ್ಸಿನ ಲೆಕ್ಕ ಹೇಳಿಕೊಡಲು ನಾನಿದ್ದೇನೆ.